ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಏಣಿ ಯಾಕೆ ತೆಗೆಯುತ್ತೀರಿ?

ಸರ್ಕಾರಿ ಶಾಲೆ ಅಂದರೆ ಮೂಗು ಮುರಿಯುವವರು ಒಮ್ಮೆ ನಲಿಕಲಿ ಕೊಠಡಿಯೊಳಗೆ ಕೂತು ನೋಡಬೇಕು. 1995ರಲ್ಲಿ ಎಚ್.ಡಿ. ಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ನೋಡಿ ಬಂದು ಶುರು ಮಾಡಿದ ಪದ್ಧತಿ ಇದು. 2009-10ರಲ್ಲಿ ಇಡೀ ರಾಜ್ಯಕ್ಕೆ ಬಂತು. ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೇ ಕೂರುತ್ತಾರೆ. ಮಗು ಕಲಿಕಾ ಏಣಿಯಲ್ಲಿ, ಅಂದರೆ ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿಯಲ್ಲಿ, ತಾನಿರುವ ಮೆಟ್ಟಿಲು ನೋಡಿ, ಆ ಮೆಟ್ಟಿಲಿನ ಚಟುವಟಿಕೆಯ ಕಾರ್ಡ್ ಎತ್ತಿಕೊಂಡು ತನ್ನ ತಟ್ಟೆಗೆ (ಗುಂಪಿಗೆ) ಹೋಗುತ್ತದೆ. ಒಂದು ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ತಾನೇ ಕಲಿಯಬೇಕು.

ಮೂಡಿಗೆರೆ, ಸಕಲೇಶಪುರದ ಕಡೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಜುಲೈನಲ್ಲಿ ಮಳೆಗೆ ರಜೆ ಮೇಲೆ ರಜೆ. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು. ತೋಟದ ಕೂಲಿಯವರ ಲೈನ್ ಮನೆಗಳಿಗೆ ಹೊಸ ಸಂಸಾರಗಳು ಬರುತ್ತವೆ, ಕೊಯ್ಲು ಮುಗಿದರೆ ಹೊರಟುಬಿಡುತ್ತವೆ. ಕೆಲವು ಮಕ್ಕಳ ಮನೆಮಾತು ತಮಿಳು, ಈಗೀಗ ಅಸ್ಸಾಂ ಕಡೆಯವರೂ ಜಾಸ್ತಿ. ತಿಂಗಳುಗಟ್ಟಲೆ ತಪ್ಪಿಸಿಕೊಂಡ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು.

ನಾಲ್ಕನೇ ಕ್ಲಾಸಿಗೆ ಬಂದರೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ! ಒತ್ತಕ್ಷರಕ್ಕೇ ತಡವರಿಸುವ ಹುಡುಗಿ ಪರಿಸರ ಅಧ್ಯಯನದ ಪಾಠ ಓದಿ ಉತ್ತರ ಬರೆಯಬೇಕು. ಕಳೆಯುವ ಲೆಕ್ಕದಲ್ಲಿ ಹತ್ತರ ಸ್ಥಾನದಿಂದ ಸಾಲ ತರುವುದು ತಿಳಿಯದ ಹುಡುಗ ಭಾಗಾಕಾರ ಮಾಡಬೇಕು. ಅವರು ಗಲಾಟೆ ಮಾಡುವುದಿಲ್ಲ, ಸುಮ್ನೆ ಬೋರ್ಡ್ ನೋಡಿ ಬರೆದುಕೊಳ್ಳುತ್ತಾರೆ. ನೋಟ್ಸ್ ನೋಡಿದರೆ ಅಕ್ಷರ ದುಂಡಗೆ. ಬರೆದದ್ದನ್ನೇ ಓದು ಅಂದರೆ ತಲೆ ತಗ್ಗಿಸುತ್ತಾರೆ.

ಬಿ.ಎಡ್. ಓದಿದವರೆಲ್ಲ, ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಮನೋವಿಜ್ಞಾನಿ ಪಿಯಾಜೆ ಹೇಳಿದ ಹಂತಗಳನ್ನು ಬಾಯಿಪಾಠ ಮಾಡಿರುತ್ತಾರೆ. ಹಂತಗಳ ಕ್ರಮ ಬದಲಾಗುವುದಿಲ್ಲ, ಯಾವ ವಯಸ್ಸಿಗೆ ತಲುಪುತ್ತಾರೆ ಅನ್ನುವುದು ಮಕ್ಕಳಿಂದ ಮಕ್ಕಳಿಗೆ ಬೇರೆ ಅಂತ ಆತನೇ ಹೇಳಿದ್ದ. ನಾವು ವಯಸ್ಸನ್ನು ಮಾತ್ರ ಹಿಡಿದುಕೊಂಡೆವು. ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಕೂಡ ಮೂರನೇ ಕ್ಲಾಸು ಮುಗಿಯುವಷ್ಟರಲ್ಲಿ ಎಲ್ಲರಿಗೂ ಓದು, ಲೆಕ್ಕ ಬರಬೇಕು ಅನ್ನುತ್ತದೆ. ಗುರಿ ಸರಿ. ತಲುಪದವರ ಗತಿ?

ನಲಿಕಲಿಯಲ್ಲೂ ತೊಂದರೆ ಇವೆ. ಕಾರ್ಡ್ ಹರಿದಿರುತ್ತವೆ, ದಾಖಲೆ ತುಂಬುವುದೇ ಒಂದು ಕೆಲಸ. 'ಬರೀ ಕುಣಿಸ್ತಾರೆ' ಅಂತ ಮಕ್ಕಳನ್ನು ಕಾನ್ವೆಂಟಿಗೆ ಹಾಕಿದವರೂ ಇದ್ದಾರೆ. ಹಾಗಂತ ಏಣಿಯನ್ನೇ ಕಿತ್ತುಹಾಕಬೇಕಾ?

ನಾಲ್ಕು, ಐದರಲ್ಲಿ ಪುಸ್ತಕ ಇರಲಿ. ದಿನಕ್ಕೆ ಒಂದು ಗಂಟೆ ಮಾತ್ರ ಕ್ಲಾಸಿನ ಗೋಡೆ ಮರೆತು, ಕನ್ನಡ ಮತ್ತು ಗಣಿತಕ್ಕೆ ಮಟ್ಟ ನೋಡಿ ಗುಂಪು ಮಾಡಿ. ಕಾರ್ಡ್‌ಗಳು ಪಕ್ಕದ ಕೊಠಡಿಯಲ್ಲೇ ಇವೆ, ದೊಡ್ಡ ಖರ್ಚೇನೂ ಇಲ್ಲ. ಆ ಗಂಟೆಯಿಂದಾಗಿ ಒಂದೆರಡು ಪಾಠ ಹಿಂದೆ ಬಿದ್ದರೂ ನೋಟಿಸ್ ಕೊಡುವುದಿಲ್ಲ ಅಂತ ಇಲಾಖೆ ಮೇಷ್ಟ್ರಿಗೆ ಬರೆದು ಕೊಡಲಿ.