ಪೆಂಗ್ವಿನ್‌ಗೆ ಕಿತ್ತಳೆ ಅಂಗಿ

ನಿನ್ನೆ ಭಾನುವಾರ ತೆಗೆದ 412 ಫೋಟೋಗಳನ್ನು ರಾತ್ರಿ ಕಂಪ್ಯೂಟರಿಗೆ ಇಳಿಸಿದೆ. ಜಾಲರಿ, ಜಾಲರಿ, ಮತ್ತೂ ಜಾಲರಿ. ತಂತಿಯ ಒಂದೊಂದು ಗಂಟೂ ಎಣಿಸುವಷ್ಟು ಸ್ಪಷ್ಟ. ಅದರ ಹಿಂದೆ ಮಸುಕಾಗಿ ಏನೋ ಚುಕ್ಕೆ ಚುಕ್ಕೆ. "ಅಪ್ಪಾ, ಇದು ಯಾರ ಮನೆಯ ದಿಂಬು?" ಅಂತ ಮಗಳು ಕೇಳಿದಳು. ಅದು ಚಿರತೆ.

ಫೋಟೋಗ್ರಫಿ ಕ್ಲಾಸಿನ ಮಾಸ್ತರರು ಮನೆಗೆಲಸ ಕೊಟ್ಟಿದ್ದರು: ಜಾಲರಿಯ ಮೂಲಕ ಒಂದು ಫೋಟೋ, ಗಾಜಿನ ಮೂಲಕ ಒಂದು, ಒಂದು ಗಿಡದ್ದು. ಮುಂಬೈಯಲ್ಲಿ ಮೂರೂ ಒಂದೇ ಟಿಕೆಟಿನಲ್ಲಿ ಸಿಗುವುದು ಬೈಕುಲ್ಲಾದ ಪ್ರಾಣಿಸಂಗ್ರಹಾಲಯ ರಾಣಿಬಾಗಿನಲ್ಲಿ. ಹೋದ ವಾರ ರಜೆ ಹಾಕಿ ಹೋಗಿದ್ದೆ. ಬುಧವಾರ. ಅಲ್ಲಿಗೂ ವಾರದ ರಜೆ ಬುಧವಾರವೇ. ಹಾಗಾಗಿ ಭಾನುವಾರ, ಮಾಟುಂಗದಿಂದ ಸ್ಲೋ ಲೋಕಲ್, ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಅಂತ ಭಾನುವಾರ ರೈಲು ತಡೆಯುವುದು, ನಿಮಗೆ ಗೊತ್ತೇ ಇದೆ, ಬಿಡಿ), ಜೊತೆಗೆ ಭಾವ.

ಭಾವನನ್ನು ನಾನು ಕರೆದಿರಲಿಲ್ಲ. ಸ್ಟೇಷನ್ನಿನಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಕಿತ್ತಳೆ ಬಣ್ಣದ ಅಂಗಿ. "ಫೋಟೋಕ್ಕೆ ಒಳ್ಳೆಯದು ಬರ್ತದೆ ಅಂತ ಹಾಕಿದ್ದು" ಅಂದರು.

ಜಾಲರಿಯನ್ನು ಮಾಯ ಮಾಡುವ ವಿದ್ಯೆ ನನಗೆ ಬಾರದೆ ಇಲ್ಲ. ಲೆನ್ಸನ್ನು ಆದಷ್ಟು ಅದರ ಹತ್ತಿರ ಒಯ್ಯಬೇಕು, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಪೂರಾ ತೆರೆಯಬೇಕು, ಪ್ರಾಣಿ ಜಾಲರಿಯಿಂದ ದೂರ ಬರುವ ತನಕ ಕಾಯಬೇಕು. ಆಟೋಫೋಕಸ್‌ಗೆ ಎದುರು ಕಂಡದ್ದೇ ದೇವರು, ಆದ್ದರಿಂದ ಅದನ್ನು ಬಂದ್ ಮಾಡಿ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಇಷ್ಟೆಲ್ಲ ಮಾಡಿ, ಉಸಿರು ಬಿಗಿಹಿಡಿದು, ಚಿರತೆ ಈಗ ತಲೆ ಎತ್ತುತ್ತದೆ ಅನ್ನುವಾಗ ಕಿವಿಯ ಪಕ್ಕ:

"ಆಯ್ತಾ?"

ನಮ್ಮ ಊರಿನವರಿಗೆ ಈ ಶಬ್ದದ ಮಹಿಮೆ ಹೇಳಬೇಕಾಗಿಲ್ಲ. ಭಾವನಿಗೆ ಅದು ಪ್ರಶ್ನೆಯೂ ಹೌದು, ವಾಕ್ಯದ ಬಾಲವೂ ಹೌದು. "ನಿಧಾನ ತೆಗಿ, ಆಯ್ತಾ." "ಹುಲಿ ಆಚೆ ಉಂಟು, ಆಯ್ತಾ." ಯಾವುದಕ್ಕೆ ಉತ್ತರ ಕೊಡಬೇಕು, ಯಾವುದಕ್ಕೆ ಸುಮ್ಮನಿರಬೇಕು ಗೊತ್ತಾಗದೆ ನಾನು ಪ್ರತಿ ಸಲ ತಿರುಗಿ "ಹಾಂ?" ಅನ್ನುವುದು, ಅಷ್ಟರಲ್ಲಿ ಚಿರತೆ ಬೆನ್ನು ತಿರುಗಿಸುವುದು. ಮಧ್ಯಾಹ್ನದ ಹೊತ್ತಿಗೆ ಶಟರ್ ಒತ್ತುವ ಮೊದಲೇ ನನ್ನ ಕಿವಿ ಆ ಶಬ್ದಕ್ಕೆ ಕಾಯತೊಡಗಿತು. ಬಾರದಿದ್ದರೆ ಅದೂ ಗಾಬರಿ. ತಿರುಗಿ ನೋಡಿದರೆ ಭಾವ ಭೇಲ್ ತಿನ್ನುತ್ತಿದ್ದರು. ಆ ಫೋಟೋವೂ ಅಲುಗಿತು.

ಗಿಡದ ಕಥೆ ಸಣ್ಣದು. ಗಿಡ ಓಡುವುದಿಲ್ಲ ಅಂದುಕೊಂಡಿದ್ದೆ. ಗಾಳಿಯನ್ನು ಮರೆತಿದ್ದೆ.

ಉಳಿದದ್ದು ಪೆಂಗ್ವಿನ್. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಬಂದ ಹಂಬೋಲ್ಟ್ ಪೆಂಗ್ವಿನ್‌ಗಳ ಬಳಗ, ಗಾಜಿನ ಹಿಂದೆ ತಣ್ಣಗೆ ಅಡ್ಡಾಡುತ್ತಿತ್ತು. ಕತ್ತಲೆ, ಫ್ಲ್ಯಾಶ್ ಹಾಕುವಂತಿಲ್ಲ, ಬೆಳಕು ಸಾಲದಾಗ ಏರಿಸುವ ಐಎಸ್ಒ 6400ಕ್ಕೆ ಏರಿತ್ತು. ಗಾಜಿಗೆ ಲೆನ್ಸ್ ಒತ್ತಿ ಹಿಡಿ, ಕಪ್ಪು ಬಟ್ಟೆ ತೊಡು, ಇಲ್ಲದಿದ್ದರೆ ಪ್ರತಿಬಿಂಬ ಬೀಳುತ್ತದೆ ಅಂತ ಮಾಸ್ತರರು ಹೇಳಿದ್ದರು. ನಾನು ಕಪ್ಪು ಟೀ ಶರ್ಟಿನಲ್ಲೇ ಇದ್ದೆ. ಆದರೆ ಹಿಂದಿನಿಂದ ಜನ ನೂಕುತ್ತಿದ್ದರು, ಗಾಜು ಕೈಗೆಟುಕಲಿಲ್ಲ. ಕೊನೆಗೂ ಒಂದು ಪೆಂಗ್ವಿನ್ ನೇರ ನನ್ನ ಮುಂದೆ ಬಂದು ನಿಂತು ರೆಕ್ಕೆ ಬಿಚ್ಚಿತು. ಒತ್ತಿದೆ. ಭಾವ ನನ್ನ ಹೆಗಲ ಮೇಲಿನಿಂದ ಬಗ್ಗಿದ್ದೂ ಅದೇ ಗಳಿಗೆ. ಹೊರಗೆ ಬಂದದ್ದೇ ಸೆಕೆಗೆ ಲೆನ್ಸು, ಕನ್ನಡಕ ಎರಡೂ ಮಂಜು ಕಟ್ಟಿದವು. ಏನು ಬಂದಿದೆ ಅಂತ ನೋಡಲೂ ಆಗಲಿಲ್ಲ.

ಹಿಂದೆ ಬರುವಾಗ ಮ್ಯೂಸಿಯಂ ಹತ್ತಿರದ ಕಲ್ಲಾನೆ. ಎಲಿಫೆಂಟಾ ದ್ವೀಪಕ್ಕೆ ಹೆಸರು ಕೊಟ್ಟ ಆನೆಯೇ ಇದು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕ್ರೇನ್ ಮುರಿದು ಚೂರಾಗಿ, 1914ರಲ್ಲಿ ಮತ್ತೆ ಜೋಡಣೆಯಾಯಿತು. ನನಗೆ ಆರು ವರ್ಷ ಇದ್ದಾಗ ಅಪ್ಪ ನನ್ನನ್ನು ಇದರ ಮುಂದೆ ನಿಲ್ಲಿಸಿದ್ದರು. ಫೋರ್ಟಿನ ಹೋಟೆಲಲ್ಲಿ ಸಪ್ಲಾಯರ್ ಆಗಿದ್ದವರಿಗೆ ಸಿಕ್ಕಿದ ಅರ್ಧ ದಿನದ ರಜೆ. ಕೊರಳಿಗೆ ಕ್ಯಾಮೆರಾ ತೂಗಿಸಿಕೊಂಡವನೊಬ್ಬ ದುಡ್ಡು ತೆಗೆದುಕೊಂಡು ಒಂದೇ ಒಂದು ಸಲ ಒತ್ತಿದ. ಎರಡು ವಾರದ ಮೇಲೆ ಪೋಸ್ಟಿನಲ್ಲಿ ಬಂದ ಫೋಟೋದಲ್ಲಿ ನನ್ನ ಕಣ್ಣು ಮುಚ್ಚಿತ್ತು. "ಇರ್ಲಿ" ಅಂತ ಅಪ್ಪ ಅದನ್ನೇ ಊರಿಗೆ ಕಳಿಸಿದರು. ಮಗು ನಿಂತಲ್ಲೇ ನಿದ್ದೆ ಮಾಡ್ತಾ ಉಂಟಲ್ಲ ಅಂತ ಅಜ್ಜಿಗೆ ಚಿಂತೆಯಾಗಿತ್ತಂತೆ. ಆ ಫೋಟೋ ಈಗಲೂ ಊರಿನ ಗೋಡೆಯಲ್ಲಿದೆ, ಅಪ್ಪನ ಫೋಟೋದ ಪಕ್ಕ.

"ಇಲ್ಲಿ ನನ್ನದೊಂದು ತೆಗಿ" ಅಂತ ಭಾವ ಆನೆಯ ಮುಂದೆ ನಿಂತರು. ಆನೆ ಅಲುಗಲಿಲ್ಲ, ಗಾಳಿ ಇರಲಿಲ್ಲ, ಜಾಲರಿ ಇರಲಿಲ್ಲ. 412ರಲ್ಲಿ ಚೊಕ್ಕವಾಗಿ ಬಂದದ್ದು ಇದೊಂದೇ. ಭಾವ ಕಣ್ಣು ಮುಚ್ಚಿದ್ದಾರೆ, ಬಾಯಿ ಅರ್ಧ ತೆರೆದಿದೆ. ಯಾವ ಶಬ್ದಕ್ಕೆ ಅಂತ ನಿಮಗೇ ಗೊತ್ತು.

ಇವತ್ತು ಬೆಳಿಗ್ಗೆ ಏಳಕ್ಕೇ ವಾಟ್ಸಾಪ್: "ಫೋಟೋ ಕಳಿಸು ಆಯ್ತಾ." ಸಿಟ್ಟಿನಲ್ಲಿ ಪೆಂಗ್ವಿನ್‌ನ ಫೋಟೋ ಕಳಿಸಿದೆ. ಕಪ್ಪು ಬಿಳಿ ಹಕ್ಕಿಯ ಕುತ್ತಿಗೆಯಿಂದ ಕಾಲಿನವರೆಗೆ ಗಾಜಿನ ಮೇಲೆ ಬಿದ್ದ ಕಿತ್ತಳೆ ಅಂಗಿ, ಗುಂಡಿಗಳ ಸಮೇತ.

ಎರಡು ನಿಮಿಷ ಬಿಟ್ಟು ಉತ್ತರ ಬಂತು: "ಚೆಂದ ಬಂದಿದೆ. ಅದಕ್ಕೆ ಅಂಗಿ ಯಾರು ಹಾಕಿದ್ದು ಮಾರಾಯ?"