ಆಲ್ ವೀಲ್ ಡ್ರೈವ್ ಇದ್ದರೆ ಕಾರು ಜಾರೋದೇ ಇಲ್ವಾ?

ಮಳೆಗಾಲ ಶುರುವಾದರೆ ಸಾಕು, ಒಂದು ಮೆಸೇಜ್ ಮತ್ತೆ ಓಡಾಡುತ್ತದೆ. ಆಲ್ ವೀಲ್ ಡ್ರೈವ್, ಟ್ರ್ಯಾಕ್ಷನ್ ಕಂಟ್ರೋಲ್ ಎರಡೂ ಇರುವ ಸ್ಪೋರ್ಟ್ಸ್ ಕಾರು ಒದ್ದೆ ರಸ್ತೆಯಲ್ಲೂ ಜಾರುವುದಿಲ್ಲವಂತೆ. ಇದು ತಪ್ಪು. ಶಿರಸಿ-ಕುಮಟಾ ನಡುವೆ ದೇವಿಮನೆ ಘಟ್ಟ ಇಳಿಯುವವರಿಗೆ ಇದು ಗೊತ್ತಿರಲೇಬೇಕು.

ಆಲ್ ವೀಲ್ ಡ್ರೈವ್ ಎಂಜಿನ್ ಬಲವನ್ನು ನಾಲ್ಕೂ ಚಕ್ರಕ್ಕೆ ಹಂಚುತ್ತದೆ, ಹಾಗಾಗಿ ಹೊರಡುವಾಗ, ಏರು ಹತ್ತುವಾಗ ಹಿಡಿತ ಜಾಸ್ತಿ. ಟ್ರ್ಯಾಕ್ಷನ್ ಕಂಟ್ರೋಲ್ ಕೆಲಸವೂ ಆಕ್ಸಿಲರೇಟರ್ ಒತ್ತಿದಾಗಲೇ: ಯಾವುದಾದರೂ ಚಕ್ರ ಸುಮ್ನೆ ಗಿರಗಿರ ತಿರುಗತೊಡಗಿದರೆ ಎಂಜಿನ್ ಬಲ ತಗ್ಗಿಸುತ್ತದೆ, ಇಲ್ಲವೇ ಆ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ಆದರೆ ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರೋದು ಅಲ್ವಾ? ಪೋರ್ಷೆ 911 ಕರೆರಾ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಎಂಜಿನ್ ಬಲ ಹಿಂದಿನ ಚಕ್ರಗಳಿಗೆ, ಅದರದೇ ಆಲ್ ವೀಲ್ ಡ್ರೈವ್ ರೂಪವಾದ ಕರೆರಾ 4ರಲ್ಲಿ ನಾಲ್ಕಕ್ಕೂ. ಒದ್ದೆ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಎರಡನ್ನೂ ಹಿಡಿಯಬೇಕಾದದ್ದು ಟೈರ್. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ನನಗೆ ಭಯ ಇರುವುದು ಇಲ್ಲೇ. ಆಲ್ ವೀಲ್ ಡ್ರೈವ್ ಕಾರು ಮಳೆಯಲ್ಲೂ ಸಲೀಸಾಗಿ ವೇಗ ಪಡೆಯುತ್ತದೆ, ರಸ್ತೆ ಎಷ್ಟು ಜಾರುತ್ತಿದೆ ಅನ್ನೋದು ಬ್ರೇಕ್ ಒತ್ತುವವರೆಗೂ ಗೊತ್ತಾಗುವುದಿಲ್ಲ.

ಕಳಿಸುವವರು ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಇಂಥದ್ದು ಬಂದರೆ ಮೊದಲು ನೋಡಿ, ಇದು ಹೊರಡುವ ಮಾತಾ, ನಿಲ್ಲುವ ಮಾತಾ? ಜೊತೆಗೆ ವಿಡಿಯೋ ಇದ್ದರೆ, ಅದರಲ್ಲಿ ಕಾರು ಮುಂದೆ ನುಗ್ಗುವುದನ್ನು ಮಾತ್ರ ತೋರಿಸಿದ್ದಾರಾ? ಆಮೇಲೆ ಕಾರಿನ ಜೊತೆ ಬಂದ ಮ್ಯಾನುಯಲ್ ತೆಗೆದು ಟ್ರ್ಯಾಕ್ಷನ್ ಕಂಟ್ರೋಲ್ ಬಗ್ಗೆ ಓದಿ, ಅದರ ಮಿತಿಯನ್ನು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತಾರೆ. ಟೈರನ್ನೂ ಬಗ್ಗಿ ನೋಡಿ. ಅದರ ಸಾಲುಗಳ ಒಳಗೆ 1.6 ಮಿಲಿಮೀಟರ್ ಎತ್ತರದ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ, ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂದಿದ್ದರೆ ಮಳೆಗೆ ಮೊದಲೇ ಬದಲಿಸಿ.