ನಾಣ್ಯನಾ, ಸೆಲ್ಲಾ?

ಹೋದ ತಿಂಗಳು ಅಕ್ಕನ ಮಗ ಏನೋ ನುಂಗಿಬಿಟ್ಟ. ಮೂರು ವರ್ಷದವನು. ಗಂಟಲು ತೋರಿಸಿ ಅಳುತ್ತಿದ್ದ, ಅಷ್ಟೇ. ಮನೆಯಲ್ಲಿದ್ದವರಿಗೆಲ್ಲ ಒಂದೊಂದು ಮದ್ದು ಗೊತ್ತಿತ್ತು. ಅಮ್ಮ ಬಾಳೆಹಣ್ಣು ತಿನ್ನಿಸಿದಳು. ಭಾವ ಬಾಯಿಗೆ ಬೆರಳು ಹಾಕಲು ಹೋದರು. ಪಕ್ಕದ ಮನೆಯವರು ಬೆನ್ನಿಗೆ ಗುದ್ದಿ ಅಂದರು. ಉಸಿರು ಕಟ್ಟಿದ್ದರೆ ಬೆನ್ನಿಗೆ ಹೊಡೆಯಬೇಕು, ನಿಜ. ಇವನು ಜೋರಾಗಿ ಅಳುತ್ತಿದ್ದನಲ್ಲ!

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು: "ನಾಣ್ಯನಾ, ಸೆಲ್ಲಾ?" ಸೆಲ್ ಅಂದರೆ ಗಡಿಯಾರ, ಆಟಿಕೆಗಳಲ್ಲಿ ಇರುವ ಬಿಲ್ಲೆಯಂಥ ಪುಟ್ಟ ಬ್ಯಾಟರಿ. ಎಲ್ಲರೂ ಮುಖ ಮುಖ ನೋಡಿಕೊಂಡೆವು.

ಎಕ್ಸ್‌ರೇಯಲ್ಲಿ ಎರಡೂ ದುಂಡಗೆ ಬೆಳ್ಳಗೆ ಕಾಣುತ್ತವೆ. ಸೆಲ್ ಆದರೆ ಅಂಚಿನ ಒಳಗೆ ಇನ್ನೊಂದು ಉಂಗುರ ಇರುತ್ತದೆ. ನಮ್ಮವನದು ನಾಣ್ಯ, ಅನ್ನನಾಳದ ಮೇಲ್ಭಾಗದಲ್ಲಿ ಸಿಕ್ಕಿತ್ತು. ಜೊಲ್ಲು ಸುರಿಯುತ್ತಿರಲಿಲ್ಲ, ಉಸಿರಾಟ ಸರಿಯಿತ್ತು. ಹಾಗಾಗಿ ಕಾಯಬಹುದಿತ್ತು. ಕಾಯಬೇಕಾಗಿಯೂ ಬಂತು, ಬಾಳೆಹಣ್ಣಿನ ದೆಸೆಯಿಂದ! ಹೊಟ್ಟೆ ತುಂಬಿದ್ದಾಗ ಅರಿವಳಿಕೆ ಕೊಟ್ಟರೆ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಗಂಟೆಗಟ್ಟಲೆ ಕೂತೆವು. ಆಮೇಲೆ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಪುಟ್ಟ ಇಕ್ಕಳದಲ್ಲಿ ಹಿಡಿದು, ಕೆಲವೇ ನಿಮಿಷದಲ್ಲಿ ತೆಗೆದರು. ಒಂದು ರೂಪಾಯಿ.

ಸೆಲ್ ಆಗಿದ್ದರೆ ಅಷ್ಟು ಹೊತ್ತು ಕೂರುವ ಹಾಗೇ ಇರಲಿಲ್ಲ. ಅದು ಸೋರಿ ಸುಡುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಸೋರುವುದೇ ಬೇಡವಂತೆ. ಎರಡೂ ಬದಿ ಒದ್ದೆ ಮಾಂಸ ತಾಗಿದರೆ ಕರೆಂಟ್ ಹರಿಯುತ್ತದೆ, ಮೈನಸ್ ಬದಿಯಲ್ಲಿ ಕ್ಷಾರ ಹುಟ್ಟುತ್ತದೆ. 2 ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ಗಡಿಯಾರಕ್ಕೆ ಬಾರದ ಹಳೇ ಸೆಲ್ಲಿಗೂ ಅಷ್ಟು ಶಕ್ತಿ ಇರುತ್ತದೆ. 2032 ಅಂತ ಬರೆದಿರುವುದಂತೂ 20 ಮಿಲಿಮೀಟರ್ ಅಗಲ, ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಅಳತೆಯೇ. ಅದಕ್ಕೇ ನಾನು ಹೇಳುವುದು, ನಾಣ್ಯ ಅಂತ ಕಣ್ಣಾರೆ ನೋಡಿಲ್ಲವಾದರೆ ಸೆಲ್ ಅಂತಲೇ ತಿಳಿದು ಓಡಿ. ವಾಂತಿ ಮಾಡಿಸಬೇಡಿ, ಏನೂ ತಿನ್ನಿಸಬೇಡಿ.

ಇಷ್ಟೆಲ್ಲ ಮನೆಮದ್ದನ್ನು ಬೈದ ಮೇಲೆ ಒಂದು ಒಪ್ಪಿಕೊಳ್ಳಬೇಕು. ಸೆಲ್ ನುಂಗಿದ್ದು ಖಚಿತವಾಗಿದ್ದು, 12 ಗಂಟೆ ದಾಟಿರದೆ, ಒಂದು ವರ್ಷ ತುಂಬಿದ ಮಗು ನುಂಗಬಲ್ಲದು ಅಂದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲದವರೆಗೆ. ಸುಡುವುದು ಸ್ವಲ್ಪ ನಿಧಾನವಾಗುತ್ತದೆ. ಜೇನು ಹುಡುಕುತ್ತಾ ಮನೆಯಲ್ಲೇ ಉಳಿಯಬಾರದು, ಅಷ್ಟೇ. ಇದನ್ನು ಕೇಳಿ ಅಮ್ಮನಿಗೆ ಎಷ್ಟು ಖುಷಿಯಾಯಿತು ಗೊತ್ತಾ!

ನನಗೆ ಸಿಟ್ಟು ಬರುವುದು ಬೇರೆ ಕಡೆ. ಜಾತ್ರೆಯಲ್ಲಿ ಸಿಗುವ ಮಿಣಮಿಣ ಆಟಿಕೆ, ಹಾಡುವ ಕಾರ್ಡು, ದೇವರ ಮನೆಯ ಪುಟ್ಟ ಎಲ್‌ಇಡಿ ದೀಪ, ಎಷ್ಟೋ ಸಲ ಉಗುರಲ್ಲಿ ಎಬ್ಬಿದರೆ ಸೆಲ್ ಹೊರಗೆ. ಒಂದು ಸ್ಕ್ರೂ ಹಾಕಲು ಎಷ್ಟು ಖರ್ಚಾಗುತ್ತದೆ? ನಮ್ಮನೆಯ ದೀಪಗಳಿಗೆಲ್ಲ ಅಮ್ಮ ಈಗ ಟೇಪ್ ಸುತ್ತಿದ್ದಾಳೆ.